ಎರಡು ಸೈಜು ದೊಡ್ಡ ವೆಟ್‌ಸೂಟ್

ಸ್ಟೀಲಿನ ಲೋಟದ ಅಂಚಿಗೆ ಚಮಚ ಬಡಿಯುವ ಸದ್ದು. ಆ ಚಳಿಗಾಲ ನೆನಪಾದಾಗಲೆಲ್ಲ ನನಗೆ ಮೊದಲು ಕೇಳುವುದು ಅದೇ. ಟಿಣ್, ಟಿಣ್, ಸ್ವಲ್ಪ ತಡೆದು ಮತ್ತೆ ಟಿಣ್.

ಆ ವರ್ಷ ಶ್ರಾವಣದಲ್ಲಿ ನಮ್ಮ ಮನೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಆಪರೇಶನ್ ಚೆನ್ನಾಗಿಯೇ ಆಯಿತು. ದೀಪಾವಳಿಯ ಹೊತ್ತಿಗೆ ವಾಕರ್ ಹಿಡಿದು ಪಡಸಾಲೆಯಲ್ಲಿ ಹೆಜ್ಜೆ ಹಾಕುತ್ತಿದ್ದರು. ಎಲುಬು ಕೂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಬಿದ್ದ ದಿನ ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಅವರ ಕೂಗು ನನಗೆ ಕೇಳಿಸಿರಲಿಲ್ಲ. ಎಷ್ಟೋ ಹೊತ್ತು ಒದ್ದೆ ಫರಸಿಯ ಮೇಲೆ ಒಬ್ಬರೇ ಬಿದ್ದುಕೊಂಡಿದ್ದರು. ಆ ಮೇಲೆ ನಾನು ಕಣ್ಣಿಗೆ ಕಾಣದಿದ್ದರೆ ಸಾಕು, ಮಂಚದ ಬಾಜುವಿನಲ್ಲಿದ್ದ ಲೋಟ ಬಡಿಯುತ್ತಿದ್ದರು.

"ಎಲ್ಲದಿ?"

"ಇಲ್ಲೇ ಅದೀನ್ರಿ. ಅಡಗಿಮನ್ಯಾಗ."

"ಹಂಗಾರ ಸರಿ."

ಅಷ್ಟೇ. ನೀರೂ ಬೇಡ, ಚಹಾನೂ ಬೇಡ. ನಾನಿದ್ದೇನೆ ಅಂತ ಗೊತ್ತಾದರೆ ಆಯಿತು. ಕಾನ್ವೆಂಟಿನಲ್ಲಿ ಬೆಳಗಿನ ಅಟೆಂಡೆನ್ಸ್‌ಗೆ ಎದ್ದು ನಿಂತು "ಪ್ರೆಸೆಂಟ್, ಸಿಸ್ಟರ್" ಅನ್ನುತ್ತಿದ್ದೆವಲ್ಲ, ಹಾಗೆ ದಿನವಿಡೀ ನನ್ನ ಹಾಜರಿ. ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತೋ ಏನೋ. ಪಾಪ ಅನ್ನಿಸುತ್ತಿತ್ತು, ಮತ್ತು ಆ ಪಾಪ ಅನ್ನಿಸುವುದೇ ನನ್ನನ್ನು ಅನಗೋಳದ ಆ ಗಲ್ಲಿಯ ಆ ಮನೆಯಿಂದ ಹೊರಗೆ ಕಾಲಿಡದಂತೆ ಕಟ್ಟಿಹಾಕಿತ್ತು. ತರಕಾರಿಗೆ ಹೋದರೂ ಅರ್ಧ ಚೀಲಕ್ಕೇ ತಿರುಗಿ ಬರುತ್ತಿದ್ದೆ. ಮೊಣಕಾಲಿಗೆ ಒಳ್ಳೆಯದು ಅಂತ ಡಾಕ್ಟರರು ಹೇಳಿದ್ದರಿಂದ ಈಜುಕೊಳದ ಲೇಡೀಸ್ ಬ್ಯಾಚಿಗೆ ಸೇರಿದ್ದೆ. ಅದೂ ಆ ಶ್ರಾವಣಕ್ಕೆ ನಿಂತುಹೋಗಿತ್ತು.

ಖಾನಾಪುರದಿಂದ ಗೆಳತಿಯ ಫೋನು ಬಂದದ್ದು ಆ ದಿನಗಳಲ್ಲಿ.

ಅವಳೂ ನಾನೂ ಕ್ಯಾಂಪಿನ ಕಾನ್ವೆಂಟಿನಲ್ಲಿ ಒಂದೇ ಬೆಂಚು. ನಾನು ಊರವಳು, ಅವಳು ಬೋರ್ಡಿಂಗಿನವಳು. ಮನೆಮಾತು ಮರಾಠಿ, ಕನ್ನಡವನ್ನು ನನ್ನಿಂದ ಕಲಿತಳು, ನನಗೆ ಈಜು ಕಲಿಸಿದಳು. ಖಾನಾಪುರದಲ್ಲಿ ಅವಳ ತಂದೆಯದು ಹೆಂಚಿನ ಕಾರ್ಖಾನೆ. ಹೆಂಚಿಗೆ ಮಣ್ಣು ತೆಗೆದು ತೆಗೆದು ಭಟ್ಟಿಯ ಹಿಂದೆ ದೊಡ್ಡದೊಂದು ಕುಣಿ ಬಿದ್ದಿತ್ತು. ತಳದಲ್ಲಿ ಸೆಲೆ ಇದ್ದದ್ದಕ್ಕೆ ಬೇಸಗೆಯಲ್ಲೂ ಬತ್ತದ ನೀರು, ಹಸಿರು ಗಾಜಿನಂಥದ್ದು. ಕಾರ್ಖಾನೆಯ ಕಡೆಯ ದಂಡೆಯಲ್ಲಿ ನೀರಿಗಿಳಿಯುವ ಮೆಟ್ಟಿಲು, ಒಡೆದ ಹೆಂಚು ಹಾಸಿ ಮಾಡಿದ ಪಾವಟಿಗೆಗಳು. ಆಚೆ ದಂಡೆಗೆ ಗೇರುಮರಗಳು, ಅವುಗಳ ಹಿಂದೆ ಅವಳ ಮನೆ. ರಜೆಗೆ ನಾನು ಅಲ್ಲಿಗೆ ಹೋದರೆ ದಿನವೆಲ್ಲ ನೀರಿನಲ್ಲಿ. ಎಣ್ಣೆಯ ಖಾಲಿ ಡಬ್ಬಿಯನ್ನು ಬೆನ್ನಿಗೆ ಕಟ್ಟಿ ನನ್ನನ್ನು ನೂಕುತ್ತಿದ್ದಳು. ಆದರೆ ನಡುನೀರು ದಾಟಿ ಹೋಗಲು ಹೆಣ್ಣುಮಕ್ಕಳಿಗೆ ಅಪ್ಪಣೆ ಇರಲಿಲ್ಲ. ಅವಳ ಅಜ್ಜಿ ಪಾವಟಿಗೆಯ ಮೇಲೆ ಕೂತು ಕಾಯುತ್ತಿದ್ದಳು. ನಾವು ಸ್ವಲ್ಪ ದೂರ ಹೋದರೆ ಸಾಕು, ಹೆಂಚಿನ ಚೂರು ನೀರಿಗೆ ಎಸೆಯುತ್ತಿದ್ದಳು. ಗಂಡುಹುಡುಗರು ದಾಟುತ್ತಿದ್ದರು, ನಾವು ನೋಡುತ್ತಿದ್ದೆವು. ಆ ಮೇಲೆ ಮದುವೆ, ಮಕ್ಕಳು. ಅರ್ಧ ಕುಣಿಗೇ ನಮ್ಮ ಈಜು ನಿಂತಿತು.

ಅವಳ ಫೋನು ಯಾವಾಗಲೂ ನಡುವಿನಿಂದ ಶುರುವಾಗುತ್ತಿತ್ತು.

"ಅಗ, ಸಂಕ್ರಾಂತಿ ಆದ ಮ್ಯಾಲ ಟ್ರಕ್ ಬರ್ತಾವಂತ. ಕುಣಿ ಮುಚ್ಚತಾರ. ನನ್ನ ಅಣ್ಣನ ಮಕ್ಕಳು ಪ್ಲಾಟ್ ಹಾಕಾಕ ಕೊಟ್ಟಬಿಟ್ರು."

"ಮತ್ತ ನೀ?"

"ನಾ ಸಾಂಗ್ಲಿಗಿ, ಮಗಳ ಮನಿಗೆ. ಅದೆಲ್ಲ ಇರ್ಲಿ. ನೀ ಬಾ. ಮುಚ್ಚೂದ್ರೊಳಗ ಒಮ್ಮೆ ದಾಟೂಣು."

"ಏನ್ ದಾಟತಿ ಬಿಡ. ನನಗೀಗ ಗಟಾರ ದಾಟಾಕ ಯಾರರ ಕೈ ಹಿಡೀಬೇಕು."

"ನೀರಾಗ ಮೊಣಕಾಲು ಯಾರಿಗೆ ಬೇಕು. ಅರ್ಧ ಈಜಿ ಸಾಯಾಕ ನನಗ ಮನಸಿಲ್ಲ ನೋಡ."

ನಗುತ್ತಲೇ ಹೇಳಿದಳು. ಆದರೆ ಫೋನು ಇಟ್ಟ ಮೇಲೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಈ ವಯಸ್ಸಿಗೆ ಒಂದು ಹೊಂಡದ ಆಚೆ ದಂಡೆ ಮುಟ್ಟಬೇಕು ಅನ್ನುವ ಆಸೆಯನ್ನು ಯಾರ ಮುಂದೆ ಹೇಳಿದರೂ ನಗುತ್ತಾರೆ. ಹೊಟ್ಟೆ ಹಸಿವಿನಷ್ಟು ಖರೇ ಆಗಿತ್ತು ಆ ಆಸೆ. ಆಗಲೇ ಮಾರ್ಗಶಿರ. ಸಂಕ್ರಾಂತಿ ಬಹಳ ದೂರ ಇರಲಿಲ್ಲ.

ತೊಡಕು ಎರಡು. ಒಂದು ಆ ಲೋಟ. ಇನ್ನೊಂದು ನನ್ನ ಎದೆ. ಚಿಕ್ಕಂದಿನಿಂದ ನನಗೆ ಉಬ್ಬಸ. ಚಳಿಗಾಲದಲ್ಲಿ ತಣ್ಣೀರು ಮುಟ್ಟಿದರೆ ಉಸಿರು ಸೀಟಿ ಹೊಡೆಯುತ್ತದೆ. ಇದಕ್ಕೆ ಗೆಳತಿಯೇ ಮಗಳನ್ನು ಕೇಳಿ ಉಪಾಯ ಹೇಳಿದಳು.

"ವೆಟ್‌ಸೂಟ್ ಅಂತ ಬರ್ತೈತಿ. ರಬ್ಬರಿಂದು. ಕೆರಿಯಾಗ, ಸಮುದ್ರದಾಗ ಈಜಾವ್ರು ಹಾಕ್ಕೋತಾರ. ಥಂಡಿ ಹತ್ತಂಗಿಲ್ಲ, ಮ್ಯಾಲ ತೇಲಸ್ತೈತಿ ಬ್ಯಾರೆ. ಒಂದು ತೊಗೋ."

"ನೀ ತೊಗೊಳಂಗಿಲ್ಲೇನು?"

"ನನಗ ದೇವರು ಹುಟ್ಟಸೂ ಮುಂದನ ತೊಡಿಸಿ ಕಳಿಸ್ಯಾನ. ನೀನ ನೋಡ, ಕಡ್ಡಿ."

ಖಡೇಬಜಾರಿನ ಒಂದು ಆಟದ ಸಾಮಾನಿನ ಅಂಗಡಿಗೆ ಹೋದೆ. ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು, ಈಜಿನ ಕನ್ನಡಕ, ಎಲ್ಲ ಇತ್ತು. ವೆಟ್‌ಸೂಟ್ ಅಂದೆ. ಅಂಗಡಿಯಾತ ಗೌರವದಿಂದ ಒಳಗೆ ಹೋಗಿ ಒಂದು ರೇನ್‌ಕೋಟ್ ಹಿಡಿದುಕೊಂಡು ಬಂದ. "ಒಳಗ ಒಂದು ಹನಿ ಹೋಗಂಗಿಲ್ರಿ ಕಾಕು," ಅಂದ. ನೀರೊಳಗೆ ನಿಂತರೆ, ಅಂತ ಕೇಳಿದೆ. "ನೀರೊಳಗ ಯಾಕ ನಿಂದರ್ತೀರಿ?" ಅಂದ. ನ್ಯಾಯವಾದ ಪ್ರಶ್ನೆ. ಥ್ಯಾಂಕ್ಯೂ ಹೇಳಿ ಬಂದೆ.

ಕೊನೆಗೆ ಫೋನಿನಲ್ಲೇ ಹುಡುಕಬೇಕಾಯಿತು, ಮತ್ತು ಹುಡುಕುವುದನ್ನು ನಮ್ಮ ಮನೆಯವರ ಮಂಚದ ಅಂಚಿಗೆ ಕೂತೇ ಮಾಡಬೇಕಾಯಿತು. ಮೊದಮೊದಲು ಅವರು ಮುಖ ಆಚೆ ತಿರುಗಿಸಿಕೊಂಡರು.

"ನೀ ಮುಳುಗಿದ್ರ ನನಗ ಯಾರು ನೋಡ್ತಾರ?"

"ಅದಕ್ಕ ತೇಲೂದು ತೊಗೋಳಾಕತ್ತೀನ್ರಿ."

ಆದರೆ ಅವರು ಉದ್ಯಮಬಾಗದ ಫೌಂಡ್ರಿಯಲ್ಲಿ ಜೀವಮಾನವೆಲ್ಲ ದುಡಿದವರು. ಅಳತೆ, ದಪ್ಪ, ಮಿಲಿಮೀಟರ್ ಅನ್ನುವ ಮಾತು ಕಿವಿಗೆ ಬಿದ್ದರೆ ಸುಮ್ಮನೆ ಮಲಗಲು ಆಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಚಷ್ಮಾ ಕೇಳಿದರು. ಮೂರು ಮಿಲಿಮೀಟರಿನದೋ ಐದರದೋ, ಜಿಪ್ಪು ಮುಂದೋ ಹಿಂದೋ, ತೋಳು ಪೂರ್ತಿಯೋ ಅರ್ಧವೋ ಅಂತ ನನಗಿಂತ ಹೆಚ್ಚು ಅವರೇ ಓದಿದರು. ಬೆನ್ನಿನ ಜಿಪ್ಪಿನದನ್ನು ಆರಿಸಿದವರೂ ಅವರೇ: ಅದರ ತುದಿಗೆ ಉದ್ದದ ಪಟ್ಟಿ ಇರುತ್ತದೆ, ಒಬ್ಬರೇ ಎಳೆದುಕೊಳ್ಳಬಹುದು ಅಂತ. ಸುತ್ತಳತೆಯ ಟೇಪು ತರಿಸಿದರು. ನಾನು ಮಂಚದ ಮುಂದೆ ನಿಂತೆ, ಅವರು ದಿಂಬಿಗೆ ಒರಗಿ ನನ್ನ ಎದೆ, ಸೊಂಟ, ತೊಡೆ ಅಳೆದರು. ಟೇಪು ಹಿಡಿದ ಕೈ ಒಂದೊಂದು ಅಳತೆಯನ್ನೂ ಎರಡೆರಡು ಸಲ ತೆಗೆಯಿತು. ಆ ಕೈ ನನ್ನನ್ನು ಹಾಗೆ ಮುಟ್ಟಿ ಬಹಳ ಕಾಲವಾಗಿತ್ತು.

ಚಾರ್ಟ್ ಹೇಳಿದ ಸೈಜಿನ ಸೂಟು ಮನೆಗೆ ಬಂತು. ಕರಿಯದು, ತೋಳಿನ ಮೇಲೆ ನೀಲಿ ಪಟ್ಟಿ. ಅಂಗೈಯಲ್ಲಿ ಹಿಡಿದರೆ ಸಣ್ಣ ಹುಡುಗಿಯ ಬಟ್ಟೆ ಅನ್ನಿಸುವಷ್ಟು ಕಿರಿದು. ಜೊತೆಗಿದ್ದ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಇದು ನಿಮ್ಮ ಸೆಕೆಂಡ್ ಸ್ಕಿನ್ ಆಗಿರಬೇಕು. ಮೈಗೆ ಅಂಟಿದ್ದರೆ ಮಾತ್ರ ಒಳಗೆ ಹೋದ ತುಸು ನೀರು ಅಲ್ಲೇ ನಿಂತು ಮೈಕಾವಿಗೆ ಬೆಚ್ಚಗಾಗುತ್ತದೆ. ಓದಿ ನಗು ಬಂತು. ಹಗ್ಗದ ಮೇಲೆ ಒಳಲಂಗವನ್ನೂ ಟವೆಲ್ಲಿನ ಮರೆಗೆ ಒಣಹಾಕಬೇಕು ಅಂತ ಕಲಿಸಿದ ಮನೆಯವಳು ನಾನು. ಕಾನ್ವೆಂಟಿನಲ್ಲೂ ಸ್ಕರ್ಟು ಮೊಣಕಾಲು ಮುಟ್ಟದಿದ್ದರೆ ಹೊಲಿಗೆ ಬಿಚ್ಚಿಸುತ್ತಿದ್ದರು. ನನಗೆಲ್ಲಿಂದ ಎರಡನೆಯ ಚರ್ಮ?

ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟೆ. ಕಾಲಿಗೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರು ಹಾಕಿಕೊಂಡು ತೂರಿಸಿದರೆ ಜಾರುತ್ತದೆ ಅಂತ ಗೆಳತಿಯ ಮಗಳು ಹೇಳಿಕೊಟ್ಟಿದ್ದಳು, ಖರೇ, ಜಾರಿತು. ತೊಡೆ ದಾಟಿತು, ಸೊಂಟ ದಾಟಿತು. ತೋಳು ತೂರಿಸಿ, ಬೆನ್ನ ಹಿಂದಿನ ಪಟ್ಟಿ ಹಿಡಿದು ಎಳೆದೆ. ಜಿಪ್ಪು ಮೇಲೆ ಹೋಯಿತು, ಎದೆ ಮುಚ್ಚಿತು, ಅಷ್ಟೇ. ಉಸಿರು ಒಳಗೆ ಹೋಗಲೊಲ್ಲದು.

ನನ್ನ ಎದೆಯ ಮೇಲೆ ಇಷ್ಟಲಿಂಗ ಇಡುವ ಕರಡಿಗೆ ಇತ್ತು. ನಾವು ಲಿಂಗವಂತರು. ಈಗಿನವರು ಲಿಂಗವನ್ನು ದೇವರ ಜಗುಲಿಯ ಮೇಲೆ ಇಟ್ಟು ಕೆಲಸಕ್ಕೆ ಹೋಗುತ್ತಾರೆ, ಅದಕ್ಕೆ ನಾನೇನೂ ಅನ್ನುವುದಿಲ್ಲ. ಆದರೆ ನನ್ನ ಕೊರಳಿಂದ ಅದು ಇಳಿದದ್ದಿಲ್ಲ. ಬೆಳ್ಳಿಯ ಕರಡಿಗೆ ನನ್ನ ಅವ್ವನದು. ಅದನ್ನು ಕೊರಳಿಗೆ ಕಟ್ಟುವ ಶಿವದಾರ ಮಾತ್ರ ಸವೆದಂತೆ ಬದಲಾಯಿಸುತ್ತ ಬಂದದ್ದು. ಹೆರಿಗೆಯ ಕೋಣೆಯಲ್ಲೂ, ಕಣ್ಣಿನ ಪೊರೆ ತೆಗೆಯುವಾಗಲೂ ಅದು ನನ್ನ ಮೈಮೇಲೇ ಇತ್ತು. ಕಾನ್ವೆಂಟಿನಲ್ಲಿ ಒಮ್ಮೆ ಪೀಟಿ ಕ್ಲಾಸಿನಲ್ಲಿ ಬ್ಲೌಸಿನೊಳಗಿನ ಉಬ್ಬು ನೋಡಿ ಸಿಸ್ಟರ್ ಒಬ್ಬರು "ವಾಟ್ ಇಸ್ ದಟ್, ಚೈಲ್ಡ್?" ಅಂದಿದ್ದರು. ತೆಗೆದು ತೋರಿಸಿದೆ. ಅವರು ತಮ್ಮ ನಿಲುವಂಗಿಯೊಳಗಿಂದ ಸಣ್ಣ ಶಿಲುಬೆ ಹೊರಗೆಳೆದು ನನಗೆ ತೋರಿಸಿ, ಮತ್ತೆ ಒಳಗಿಟ್ಟು, "ಗೋ, ರನ್," ಅಂದರು.

ಈಗ ಆ ಕರಡಿಗೆ ರಬ್ಬರಿನಡಿ ಸಿಕ್ಕಿ ಎದೆಯ ನಡುಎಲುಬಿಗೆ ಒತ್ತುತ್ತಿತ್ತು. ಜಿಪ್ಪು ಇಳಿಸಲು ಹಿಂದೆ ಕೈ ಹಾಕಿದೆ. ತೋಳು ಆ ಬಿಗಿಯಲ್ಲಿ ಮೇಲೇಳಲಿಲ್ಲ. ಬೆವರು ಬಂತು. ಒಳಗೆ ಸೀಟಿ ಶುರುವಾಯಿತು. ಅಷ್ಟರಲ್ಲಿ ಟಿಣ್, ಟಿಣ್.

"ಎಲ್ಲದಿ?"

"ಇಲ್ಲೇ ಅದೀನ್ರಿ."

"ಬಾ ಇಲ್ಲೆ."

"ಬರಾಕ ಆಗವಲ್ತ್ರಿ."

ಅವರು ಏಳಲು ಹೋಗಿ ಮತ್ತೆ ಬಿದ್ದಾರು ಅನ್ನುವ ಭಯಕ್ಕೆ ನಾನೇ ಗೋಡೆ ಹಿಡಿದುಕೊಂಡು ಪಡಸಾಲೆಗೆ ಹೋದೆ. ಅವರು ನೋಡಿದರು. "ಥೇಟ ಎಮ್ಮಿ ಕರದಂಗ ಕಾಣ್ತಿ," ಅಂದರು. ನನಗೆ ನಗಲು ಉಸಿರಿರಲಿಲ್ಲ. ಬೆನ್ನು ತಿರುಗಿಸಿ ಮಂಚದ ಮೇಲೆ ಕೂತೆ. ಎರಡೂ ಕೈಯಿಂದ ಹಿಡಿದು ಎಳೆದರು, ಬೈದರು, ಮತ್ತೆ ಎಳೆದರು. ಜಿಪ್ಪು ಬಿಚ್ಚಿತು. ಗಾಳಿ ಒಳಗೆ ಬಂತು. ಬಹಳ ತಿಂಗಳ ಮೇಲೆ ಒಂದು ಗಟ್ಟಿ ಕೆಲಸ ಮಾಡಿದ ಸಮಾಧಾನ ಅವರ ಮುಖದ ಮೇಲಿತ್ತು. ನನ್ನ ಎದೆಯ ಮೇಲೆ ಕರಡಿಗೆಯ ಕೆಂಪು ಗುರುತು ಬಿದ್ದಿತ್ತು.

ಗೆಳತಿಗೆ ಹೇಳಿದೆ. "ಒಂದಿನ ತಗದು ಜಗಲಿ ಮ್ಯಾಲ ಇಡ. ದೇವರು ಮನ್ಯಾಗ ಇರ್ತಾನ, ನೀ ನೀರಾಗ ಇರ್ತಿ. ಸಂಜಿಮುಂದ ಇಬ್ರೂ ಭೆಟ್ಟಿ ಆಗ್ರಿ," ಅಂದಳು. ಮನಸ್ಸು ಒಪ್ಪಲಿಲ್ಲ. ನೀರಿನಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿ, ಲಿಂಗವಿಲ್ಲದ ಮೈಯನ್ನು ಯಾರೋ ಮೇಲೆತ್ತುವ ಚಿತ್ರ ಕಣ್ಣಮುಂದೆ ಬಂದುಬಿಟ್ಟಿತು. ತೋಳಿಗೆ ಕಟ್ಟಿಕೊಂಡು ನೋಡಿದೆ. ತೋಳು ಇನ್ನೂ ಬಿಗಿ. ಕರಡಿಗೆ ಬಿಟ್ಟು ಲಿಂಗವನ್ನು ಬರಿಯ ವಸ್ತ್ರದಲ್ಲಿ ಸುತ್ತಿ ನೋಡಿದೆ. ಒತ್ತು ಕಡಿಮೆಯಾಯಿತು, ಅಂಜಿಕೆ ಕಡಿಮೆಯಾಗಲಿಲ್ಲ. ಸೈಜು ಚಾರ್ಟಿನಲ್ಲಿ ಎದೆಗೆ ಒಂದು ಸಾಲು ಇತ್ತು, ಎತ್ತರಕ್ಕೆ ಒಂದು, ತೂಕಕ್ಕೆ ಒಂದು. ಎದೆಯ ಮೇಲೆ ಇರುವುದಕ್ಕೆ ಸಾಲು ಇರಲಿಲ್ಲ.

"ದೊಡ್ಡದು ತೊಗೋ," ಅಂದರು ನಮ್ಮ ಮನೆಯವರು. "ಅಲವನ್ಸ್ ಬಿಡಬೇಕು. ನಮ್ಮ ಫೌಂಡ್ರ್ಯಾಗ ಎರಕದ ಅಚ್ಚಿಗೆ ಪ್ಯಾಟರ್ನ್ ಮಾಡೂ ಮುಂದ ಯಾವಾಗಲೂ ಸ್ವಲ್ಪ ದೊಡ್ಡದ ಮಾಡೂದು. ಕಾಸ್ಟಿಂಗ್ ತಣ್ಣಗಾದ ಮ್ಯಾಲ ಕುಗ್ಗತೈತಿ."

"ನಾ ಏನ್ ಬೀಡುಕಬ್ಬಿಣಾ ಏನ್ರಿ?"

"ತಣ್ಣೀರಾಗ ಎಲ್ಲಾನೂ ಕುಗ್ಗತೈತಿ."

ಕಾಗದದ ಮೇಲಿನ ಸೆಕೆಂಡ್ ಸ್ಕಿನ್ ಮಾತು ನಾನು ಮರೆತಿರಲಿಲ್ಲ. ಆದರೆ ಸಡಿಲು ಉಡುಪು ಒಳ್ಳೆಯ ಉಡುಪು ಅನ್ನುವುದನ್ನು ಅವ್ವ, ಅತ್ತೆ, ಸಿಸ್ಟರ್, ದರ್ಜಿ ಎಲ್ಲರೂ ಒಂದೇ ದನಿಯಲ್ಲಿ ನನ್ನ ತಲೆಗೆ ತುಂಬಿದ್ದರು. ಒಂದು ಸೈಜು ದೊಡ್ಡದು ನನ್ನ ಲಿಂಗಕ್ಕೆ, ಇನ್ನೊಂದು ಅವರ ಅಲವನ್ಸಿಗೆ. ಹೀಗೆ ಎರಡು ಸೈಜು ದೊಡ್ಡದಕ್ಕೆ ಬದಲಿಸಿ ತರಿಸಿದೆವು. ಬಂದದ್ದನ್ನು ತೊಟ್ಟರೆ ಒಳಗೆ ನಾನು, ಕರಡಿಗೆ, ಬೇಕಾದರೆ ಇನ್ನೊಬ್ಬ ಸಣ್ಣ ಹೆಣ್ಣುಮಗಳು ಹಿಡಿಯುವಷ್ಟು ಜಾಗ. ಉಸಿರು ಸಲೀಸಾಗಿ ಆಡಿತು. ಕನ್ನಡಿಯಲ್ಲಿ ನೋಡಿಕೊಂಡೆ. ಯಾವ ಅಂಗವೂ ಕಾಣುತ್ತಿರಲಿಲ್ಲ. ವೆರಿ ಡಿಸೆಂಟ್ ಅನ್ನಿಸಿತು.

ಹೋಗುವ ದಿನ ನಾದಿನಿ ಬಂದಳು. ಅವಳ ಮನೆ ನಮ್ಮ ಗಲ್ಲಿಯಲ್ಲೇ. ಅಣ್ಣನ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, "ವೈನಿ, ಬ್ಯಾಗಿನ್ಯಾಗ ಏನದು, ಹೆಣದಂಗ?" ಅಂದಳು. "ನಾನ," ಅಂದೆ. ನಮ್ಮ ಮನೆಯವರು ನಗಲಿಲ್ಲ. "ತಿರುಗಿ ಬರ್ತಿಯಿಲ್ಲ?" ಅಂದರು, ಹೊಸ್ತಿಲು ದಾಟುವಾಗ. ಮಧ್ಯಾಹ್ನದ ಪ್ಯಾಸೆಂಜರಿಗೆ ಬಂದುಬಿಡುತ್ತೇನೆ ಅಂತ ಮಾತು ಕೊಟ್ಟೆ. ಆ ಗಾಡಿ ತಪ್ಪಿದರೆ ಮುಂದಿನದು ಸಂಜೆಗೆ. ಸಂಜೆಯವರೆಗೆ ಅವರು ತಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಲೋಂಡಾದ ಕಡೆ ಹೋಗುವ ಬೆಳಗಿನ ಗಾಡಿ. ಕಿಟಕಿಯ ಹೊರಗೆ ಮಂಜು, ಹೊಲದ ಬದುವಿನಲ್ಲಿ ಕಂಬಳಿ ಹೊದ್ದ ಜನ. ಖಾನಾಪುರದ ಪ್ಲಾಟ್‌ಫಾರ್ಮಿನಲ್ಲಿ ಗೆಳತಿ ನಿಂತಿದ್ದಳು. ಹಳೆಯ ಚೂಡಿದಾರ, ಕಾಲಲ್ಲಿ ಗಂಡಸರ ಚಪ್ಪಲಿ, ಕೈಯಲ್ಲಿ ಪೇರಲಹಣ್ಣಿನ ಚೀಲ. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಚೀಲ ಕಸಿದುಕೊಂಡಳು.

"ಎಷ್ಟು ಹಗುರ ಆಗೀದಿ. ನಿನ್ನ ಗಂಡ ಅನ್ನ ಹಾಕಂಗಿಲ್ಲೇನು?"

"ನಾನ ಅವರಿಗೆ ಹಾಕೂದು."

"ಅದಕ್ಕ."

ಕಾರ್ಖಾನೆಯ ಚಿಮಣಿಯ ಮೇಲೆ ಅರಳಿಯ ಗಿಡ ಬೆಳೆದಿತ್ತು. ಭಟ್ಟಿ ಕುಸಿದಿತ್ತು. ಕುಣಿ ಮಾತ್ರ ಹಾಗೆಯೇ ಇತ್ತು. ನಾನು ಅಂದುಕೊಂಡದ್ದಕ್ಕಿಂತ ಸಣ್ಣದು, ಮತ್ತು ಅಂದುಕೊಂಡದ್ದಕ್ಕಿಂತ ಹಸಿರು. ಆಚೆ ದಂಡೆಯ ಗೇರುಮರಗಳ ನೆರಳು ನೀರಿನ ಅರ್ಧದವರೆಗೂ ಚಾಚಿತ್ತು. ಒಟ್ಟಿಟ್ಟ ಹೆಂಚುಗಳ ಮರೆಯಲ್ಲಿ ಸೀರೆ ಬಿಚ್ಚಿ ಸೂಟು ತೊಟ್ಟೆ. ಬ್ರೆಡ್ಡಿನ ಕವರು ಬೇಕಾಗಲಿಲ್ಲ. ಅಷ್ಟು ಸಲೀಸಾಗಿ ಏರಿತು.

ಗೆಳತಿ ಸುತ್ತ ತಿರುಗಿ ನೋಡಿದಳು. ಭುಜದ ಹತ್ತಿರ ಒಂದು ಹಿಡಿ ರಬ್ಬರು ಹಿಡಿದೆತ್ತಿ ಬಿಟ್ಟಳು.

"ಇದು ಸೂಟೋ ಗೋಣೀಚೀಲೋ? ಮಗಳು ಮೈಗೆ ಹತ್ತಿರಬೇಕು ಅಂದಿದ್ಲಲ್ಲ."

"ಲಿಂಗ ಐತಿ."

"ಹೂಂ." ಬೆನ್ನಿನ ಜಿಪ್ಪನ್ನು ಕತ್ತಿನವರೆಗೆ ಎಳೆದಳು. ಅವಳು ಎಳೆಯುವಾಗ ಕತ್ತಿನ ಹಿಂಬದಿ ಚುರುಕ್ಕೆಂದಿತು. ಕೂದಲು ಸಿಕ್ಕಿರಬೇಕು ಅಂದುಕೊಂಡೆ.

ಪಾವಟಿಗೆ ಇಳಿದೆವು. ಅವಳು ಚೂಡಿದಾರದಲ್ಲೇ ಸೊಂಟದವರೆಗೆ ಹೋಗಿ ಒಮ್ಮೆ ಮುಳುಗಿ ಎದ್ದು ನಿಂತಳು. ನಾನು ಎದೆಯವರೆಗೆ ಇಳಿದೆ, ಒಂದು ಕೈ ಬೀಸಿದೆ, ಇನ್ನೊಂದು ಬೀಸಿದೆ. ಮೊದಲ ಕೆಲವು ಕೈಗಳು, ದೇವರಾಣೆ, ಸುಖವಾಗಿದ್ದವು. ರಬ್ಬರು ಎತ್ತಿ ಹಿಡಿದಿತ್ತು. ಆ ಮೇಲೆ ಕೊರಳಿನ ಸಂದಿಯಿಂದ ನೀರು ಒಳಗೆ ಬಂತು. ತುಸುವಲ್ಲ. ಬೆನ್ನಿಗುಂಟ ಇಳಿದು, ಹೊಟ್ಟೆ ಸುತ್ತಿ, ಕಾಲಿನೊಳಗೆ ತುಂಬಿತು. ಬೆಚ್ಚಗಾಗಲು ಅದು ಒಂದು ಕಡೆ ನಿಲ್ಲಬೇಕಲ್ಲ. ನಾನು ಕೈ ಬೀಸಿದಾಗಲೆಲ್ಲ ಹಳೆಯದು ಹೊರಗೆ, ಹೊಸ ತಣ್ಣೀರು ಒಳಗೆ. ತೋಳುಗಳು ಉಬ್ಬಿದವು. ನೀರಿನಲ್ಲಿ ನಾನು ಈಜುತ್ತಿರಲಿಲ್ಲ, ನೀರು ತುಂಬಿದ ಚೀಲದೊಳಗೆ ಕೂತು ಅದನ್ನು ಎಳೆಯುತ್ತಿದ್ದೆ. ಸೀಟಿ ಶುರುವಾಯಿತು.

"ತಿರುಗ," ಅಂದಳು ಗೆಳತಿ, ಬಾಜುವಿನಿಂದ. ನಡುನೀರು ಇನ್ನೂ ದೂರ ಇತ್ತು. ನಾನು ಆಚೆ ದಂಡೆಯನ್ನೇ ನೋಡುತ್ತಿದ್ದೆ. "ಅಗ, ತಿರುಗ. ಉಸಿರು ಕೇಳಾಕತ್ತೈತಿ ನಿಂದು." ಅವಳೇ ತೋಳಿನ ರಬ್ಬರು ಹಿಡಿದು ನನ್ನನ್ನು ತಿರುಗಿಸಿದಳು.

ಪಾವಟಿಗೆ ಏರುವಾಗ ಖರೇ ಕಷ್ಟ ಬಂತು. ಒಳಗಿನ ನೀರೆಲ್ಲ ಕಾಲಿಗಿಳಿದು ಭಾರಕ್ಕೆ ಇಡೀ ಸೂಟು ಕೆಳಕ್ಕೆ ಜಗ್ಗಿತು, ಮತ್ತು ಅದರ ಜೊತೆಗೆ ನನ್ನ ಕೊರಳು ಹಿಂದಕ್ಕೆ ಹೋಯಿತು. ಜಿಪ್ಪಿನಲ್ಲಿ ಸಿಕ್ಕಿದ್ದು ಕೂದಲಲ್ಲ, ಶಿವದಾರ. ಸೂಟು ಜಗ್ಗಿದಷ್ಟೂ ದಾರ ಗಂಟಲಿಗೆ ಬಿಗಿಯಿತು. ನಾನು ಪಾವಟಿಗೆಯ ಮೇಲೆ ಮೊಣಕಾಲೂರಿ ಕೂತೆ. ಮಾತು ಹೊರಡಲಿಲ್ಲ. ಗೆಳತಿ ಜಿಪ್ಪು ಹಿಡಿದು ಜಗ್ಗಿದಳು, ಅಲ್ಲಾಡಿಸಿದಳು. ಹಲ್ಲುಗಳಲ್ಲಿ ದಾರ ಇನ್ನೂ ಆಳಕ್ಕೆ ಹೋಯಿತು. ಎದ್ದು ಹೋಗಿ ಪೇರಲ ಹೆಚ್ಚಲು ತಂದ ಚಾಕು ತಂದಳು.

ನನ್ನ ಕತ್ತಿನ ಹತ್ತಿರ ಚಾಕು ಹಿಡಿದು ಒಂದು ಗಳಿಗೆ ನಿಂತಳು. ಅವಳು ಏನು ಯೋಚಿಸುತ್ತಿದ್ದಳು ಅಂತ ನನಗೆ ಗೊತ್ತಾಯಿತು. ದಾರ ಕೊಯ್ದರೆ ಒಂದೇ ಏಟು.

"ದಾರಾ ಕೊಯ್ಲೇನು?"

ನಾನು ಕರಡಿಗೆ ಇದ್ದಲ್ಲಿ ಅಂಗೈ ಇಟ್ಟುಕೊಂಡು ತಲೆ ಅಲ್ಲಾಡಿಸಿದೆ.

"ಹಂಗಾರ ಅಲುಗಾಡಬ್ಯಾಡ. ಕೋಳಿ ಕೊಯ್ಯೂ ಮುಂದ ನಾ ಅದರ ಪರ್ಮಿಷನ್ ಕೇಳಂಗಿಲ್ಲ. ನೀ ಅಂತ ಕೇಳಿದೆ."

ತನ್ನ ಎರಡು ಬೆರಳು ನನ್ನ ಗಂಟಲಿಗೂ ದಾರಕ್ಕೂ ನಡುವೆ ತೂರಿಸಿದಳು. ಆ ಬೆರಳುಗಳು ಮಂಜಿನಷ್ಟು ತಣ್ಣಗಿದ್ದವು. ಇನ್ನೊಂದು ಕೈಯಿಂದ ಸೂಟಿನ ಕಾಲರಿಗೆ ಚಾಕು ಹಾಕಿ, ಭುಜದ ಕಡೆಗೆ, ಕೊರಳಿಂದ ದೂರಕ್ಕೆ ಗರಗಸದಂತೆ ಎಳೆದಳು. ಮೂರು ಮಿಲಿಮೀಟರಿನ ರಬ್ಬರು ಸುಲಭವಾಗಿ ಬಿಡಲಿಲ್ಲ. ಅವಳ ಉಸಿರು ನನ್ನ ಕಿವಿಯ ಹತ್ತಿರ ಏದುತ್ತಿತ್ತು. ಕಾಲರು ಹರಿಯಿತು, ಭುಜ ಹರಿಯಿತು, ತೋಳಿನ ನೀಲಿ ಪಟ್ಟಿಯವರೆಗೂ ಹರಿದುಕೊಂಡು ಹೋಯಿತು. ಒಳಗಿನ ನೀರು ಭಸ್ಸೆಂದು ಪಾವಟಿಗೆಯ ಮೇಲೆ ಸುರಿಯಿತು. ನಾನು ಉಸಿರೆಳೆದೆ. ಹರಿದ ಕಾಲರಿನ ಜೊತೆ ಜಿಪ್ಪಿನ ತುದಿ ದಾರಕ್ಕೆ ಕಚ್ಚಿಕೊಂಡೇ ನನ್ನ ಬೆನ್ನ ಮೇಲೆ ನೇತಾಡುತ್ತಿತ್ತು. ಅದನ್ನು ಆಮೇಲೆ ಅವಳು ಚಾಕುವಿನ ತುದಿಯಿಂದ ಹಲ್ಲು ಹಲ್ಲಾಗಿ ಬಿಡಿಸಿ ತೆಗೆದಳು. ದಾರ ಹಿಂಜಿತ್ತು, ಹರಿದಿರಲಿಲ್ಲ.

ಉಬ್ಬಸದ ಪಂಪು ಬಾಯಿಗೆ ಹೊಡೆದುಕೊಂಡು, ಸೀರೆ ಸುತ್ತಿಕೊಂಡು, ಅವಳ ಶಾಲು ಹೊದ್ದು ಕೂತೆ. ಹಲ್ಲು ಕಟಕಟ ಅನ್ನುತ್ತಿದ್ದವು. ನಾನು ಇನ್ನು ನೀರಿಗಿಳಿಯುವ ಮಾತಿರಲಿಲ್ಲ. ಅವಳು ಒಂದು ಪೇರಲಹಣ್ಣು ಅದೇ ಚಾಕುವಿನಿಂದ ಹೆಚ್ಚಿ ಕೈಗೆ ಕೊಟ್ಟಳು. ನಾವು ತಿಂದೆವು. ಹೊತ್ತು ಏರಿ ಬಿಸಿಲು ನೀರಿನ ಮೇಲೆ ಬಂದಿತ್ತು.

"ನೀ ಹೋಗ," ಅಂದೆ.

"ನಿನ್ನ ಬಿಟ್ಟು?"

"ನಿನಗ ಅಜ್ಜಿ ಇಲ್ಲ ಈಗ ಹೆಂಚು ಒಗ್ಯಾಕ. ಹೋಗ. ನಾ ಇಲ್ಲೆ ಕುಂತು ನೋಡ್ತೇನಿ."

ಅವಳು ನೀರನ್ನು ನೋಡಿದಳು, ನನ್ನನ್ನು ನೋಡಿದಳು. "ನಾ ಆ ದಂಡಿ ಮುಟ್ಟೂದ್ರಾಗ ನಿನ್ನ ಗಾಡಿ ಹೊತ್ತಾಗತೈತಿ. ಸುತ್ತ ಹಾಕಿ ನಡಕೋತ ಬರೂದ್ರಾಗ ನೀ ಸ್ಟೇಷನ್ನಿನ್ಯಾಗ ಇರ್ತಿ."

"ಇರ್ತೇನಿ."

"ತಿರುಗಿ ಈಜಿ ಬರೂ ಶಕ್ತಿ ನನಗಿಲ್ಲ."

"ಬರಬ್ಯಾಡ. ಆ ಕಡೇನ ಮನಿ ಐತೆಲ್ಲ."

ಚಪ್ಪಲಿ ಅಲ್ಲೇ ಬಿಟ್ಟಳು. ನನ್ನ ಕೆನ್ನೆಗೆ ಒದ್ದೆ ಅಂಗೈ ಒತ್ತಿ ಸದ್ದಿಲ್ಲದೆ ನೀರಿಗೆ ಇಳಿದುಹೋದಳು. ಅವಸರ ಮಾಡದ ಈಜು ಅವಳದು, ಹುಡುಗಿಯಾಗಿದ್ದಾಗಲೂ ಹಾಗೆಯೇ. ತಲೆ ನೀರಿನ ಮೇಲೆ, ಪೇಟೆಗೆ ಹೊರಟವಳ ಹಾಗೆ. ಬಿಸಿಲಿನಿಂದ ಗೇರುಮರಗಳ ನೆರಳಿನೊಳಗೆ ಅವಳ ಬಿಳಿ ತಲೆ ಹೋಗುವಾಗ ನನ್ನ ಫೋನು ಬಡಿದುಕೊಂಡಿತು.

"ಎಲ್ಲದಿ?"

"ದಂಡಿ ಮ್ಯಾಲ ಅದೀನ್ರಿ."

"ದಾಟಿದಿ?"

"ಇಲ್ರಿ."

ಹಿಂದೆ ನಾದಿನಿ ಟೀವಿ ಹಚ್ಚಿದ್ದು ಕೇಳುತ್ತಿತ್ತು. "ಅಲವನ್ಸ್ ಹೆಚ್ಚಾತೇನು?" ಅಂದರು, ಬಹಳ ಮೆತ್ತಗೆ. ಹೂಂ ಅಂದೆ. "ನಂದ ತಪ್ಪು," ಅಂದರು. ಅಲ್ಲ ಅನ್ನಲು ನನಗೆ ಹೊತ್ತಿರಲಿಲ್ಲ. ಕಣ್ಣು ಆ ತಲೆಯ ಮೇಲಿಂದ ತೆಗೆಯಲಾರದೆ, ಗಾಡಿಗೆ ಬರುತ್ತೇನೆ ಅಂದಷ್ಟೇ ಹೇಳಿ ಇಟ್ಟೆ.

ಈಗ ನಮ್ಮ ಮನೆಯವರು ಕೋಲು ಹಿಡಿದು ಒಬ್ಬರೇ ಗಲ್ಲಿಯ ತುದಿಯ ಅಂಗಡಿಗೆ ಹೋಗಿ ಪೇಪರು ತರುತ್ತಾರೆ. ನಾನು ಮಧ್ಯಾಹ್ನವಿಡೀ ಹೊರಗಿದ್ದು ಬಂದರೂ ಕೇಳುವುದಿಲ್ಲ. ಎಲ್ಲಿಗೆ ಹೋಗಲಿ? ಸಂಕ್ರಾಂತಿಯಾದ ವಾರವೇ ಕುಣಿ ಮುಚ್ಚಿದರು. ಗೆಳತಿ ಸಾಂಗ್ಲಿಗೆ ಹೋದಳು. ಬಾ ಬಾ ಅಂತ ಫೋನು ಮಾಡುತ್ತಿದ್ದಳು. ಇವರನ್ನು ಬಿಟ್ಟು ಒಂದು ರಾತ್ರಿ ಆಚೆ ಉಳಿಯುವುದು ಆಗ ನನ್ನಿಂದ ಆಗಲಿಲ್ಲ, ಮುಂದಿನ ತಿಂಗಳು ನೋಡೂಣು ಅನ್ನುತ್ತಿದ್ದೆ. ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವಳ ಮಗಳ ಫೋನು ಬಂತು. ನಿದ್ದೆಯಲ್ಲೇ ಹೋದಳಂತೆ. ಹಾಗಾಗಿ ಆ ಪುಷ್ಯಮಾಸದ ಬೆಳಗಿನದೇ ನಮ್ಮ ಕೊನೆಯ ಭೆಟ್ಟಿಯಾಯಿತು.

ಅವತ್ತು ಅವಳು ಆಚೆ ದಂಡೆ ಮುಟ್ಟಿದ್ದನ್ನು ನಾನು ನೋಡಿದೆ. ಮೊದಲು ಒಂದು ಬೇರು ಹಿಡಿದುಕೊಂಡಳು. ಹಾಗೇ ಬಹಳ ಹೊತ್ತು ನೀರಿನಲ್ಲೇ ಇದ್ದಳು, ಹಣೆಯನ್ನು ದಂಡೆಯ ಮಣ್ಣಿಗೆ ಒರಗಿಸಿಕೊಂಡು. ನನಗೆ ಅಂಜಿಕೆಯಾಯಿತು, ಎದ್ದು ನಿಂತೆ. ಆಗ ಮೇಲೆ ಹತ್ತಿದಳು, ನಾಲ್ಕೂ ಕೈಕಾಲಿನ ಮೇಲೆ, ಆ ಮೇಲೆ ಎರಡು ಕಾಲಿನ ಮೇಲೆ. ತಿರುಗಿ ನಿಂತಳು. ಏನೋ ಕೂಗಿದಳು, ಇಷ್ಟು ದೂರಕ್ಕೆ ಅದು ಬರಲಿಲ್ಲ. ಕೈಯಿಂದ ಹೋಗು, ಹೋಗು ಅಂತ ಸನ್ನೆ ಮಾಡಿದಳು, ಗಾಡಿ ತಪ್ಪುತ್ತೆ ಅಂತ. ನಾನೂ ಕೈ ಎತ್ತಿದೆ. ಚೂಡಿದಾರದ ಅಂಚು ಹಿಂಡಿದಳು, ಒಂದು ಕೈಯಿಂದ ಅದನ್ನು ಮೇಲೆತ್ತಿ ಹಿಡಿದುಕೊಂಡು, ಬರಿಗಾಲಿಗೆ ಗೇರಿನ ಕಡ್ಡಿ ಚುಚ್ಚದಂತೆ ನೆಲ ನೋಡಿ ನೋಡಿ ಹೆಜ್ಜೆಯಿಡುತ್ತ, ಮರಗಳ ನಡುವೆ ಮನೆಯ ಕಡೆ ನಡೆದಳು.